ಗೋಧಿಯ ಮೇಲೆ ಭಂಡಾರ

ಎರೆಹೊಲದಲ್ಲಿ ಗೋಧಿ ತೆನೆ ಹಿರಿಯುವ ಹೊತ್ತು. ಬೆಳಗಿನ ಇಬ್ಬನಿ ಇನ್ನೂ ಆರಿರುವುದಿಲ್ಲ. ಬಿಳಿ ಧೋತರ ಉಟ್ಟವರು ಈ ಬದುವಿನಿಂದ ಆ ಬದುವಿಗೆ ಬೆಳೆಯ ನಡುವೆ ಒಮ್ಮೆ ನಡೆದು ಹೋದರೆ ಸಾಕು, ರೋಗ ಬಿದ್ದ ಹೊಲವಾದರೆ ಮೊಣಕಾಲಿನವರೆಗೆ ಬಟ್ಟೆಯ ಬಣ್ಣ ಬದಲಾಗಿರುತ್ತದೆ. ಮೈಲಾರದ ಜಾತ್ರೆಯಲ್ಲಿ ಎರಚಿದ ಭಂಡಾರ ಮೈಗೆ ಮೆತ್ತಿಕೊಳ್ಳುವಂತೆ ಹಳದಿ, ಕಂದು ಬಣ್ಣದ ನುಣ್ಣನೆಯ ಪುಡಿ ಬಟ್ಟೆಗೂ ಕಾಲಿಗೂ ಅಂಟಿಕೊಂಡು ಬರುತ್ತದೆ. ಉತ್ತರ ಕರ್ನಾಟಕದ ರೈತರು ಇದನ್ನು ಭಂಡಾರ ರೋಗ ಎಂದು ಕರೆದದ್ದು ಇದೇ ಕಾರಣಕ್ಕೆ. ಪುಸ್ತಕಗಳಲ್ಲಿ ಇದರ ಹೆಸರು ತುಕ್ಕು ರೋಗ.

ಗೋಧಿ ಬೆಳೆಯುವ ಹಲವು ನಾಡುಗಳು ಈ ರೋಗಕ್ಕೆ ಬಣ್ಣದ ಹೆಸರನ್ನೇ ಇಟ್ಟಿವೆ. ಮರಾಠಿಯವರಿಗೆ ಇದು ತಾಮ್ರದ ಬಣ್ಣದ ತಾಂಬೇರಾ. ಹಿಂದಿಯವರಿಗೆ ಕೆಮ್ಮಣ್ಣಿನ ಬಣ್ಣದ ಗೇರುವಾ. ಪಂಜಾಬಿನಲ್ಲಿ ಪೀಲಿ ಕುಂಗಿ. ಪ್ರಾಚೀನ ರೋಮನ್ನರು ಇದಕ್ಕೊಬ್ಬ ದೇವತೆಯನ್ನೇ ಕಲ್ಪಿಸಿಕೊಂಡು ರೋಬಿಗಸ್ ಎಂದು ಕರೆದರು. ಬೆಳೆ ಕೆಂಪಾಗದಿರಲೆಂದು ಪ್ರತಿ ವರ್ಷ ಏಪ್ರಿಲ್ 25ರಂದು ನಾಯಿಯನ್ನು ಬಲಿ ಕೊಡುತ್ತಿದ್ದರು. ಕಾರಣ ತಿಳಿಯದ ಕಾಲದಲ್ಲಿ ಭಯಕ್ಕೆ ಬೇರೆ ದಾರಿ ಇರಲಿಲ್ಲ. ಹಸಿರಾಗಿ ನಿಂತ ಪೈರು ಎರಡು ಮೂರು ವಾರಗಳಲ್ಲಿ ಸುಟ್ಟಂತಾಗಿ, ಕಣಕ್ಕೆ ಬಂದ ತೆನೆಯಲ್ಲಿ ಬರೀ ಜೊಳ್ಳು ಉಳಿಯುವುದನ್ನು ಕಂಡವರಿಗೆ ಆ ಭಯ ಅರ್ಥವಾಗುತ್ತದೆ.

ಆ ಪುಡಿಯಲ್ಲಿ ಇರುವುದೇನು ಎಂಬುದನ್ನು ಮೊದಲು ಸರಿಯಾಗಿ ನೋಡಿದವರು ಇಟಲಿಯ ಫೆಲಿಚೆ ಫೊಂಟಾನಾ ಮತ್ತು ಟಾರ್ಜಿಯೋನಿ ಟೊಜ್ಜೆಟ್ಟಿ. 1767ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಗೋಧಿ ಎಲೆ ಇಟ್ಟು ನೋಡಿದ ಇಬ್ಬರೂ ತುಕ್ಕು ಎಂಬುದು ಎಲೆಯ ಮೇಲೆ ಬದುಕುವ ಇನ್ನೊಂದು ಜೀವಿ ಎಂದು ಬರೆದರು. ಅದೊಂದು ಶಿಲೀಂಧ್ರ, ಅಂದರೆ ರೊಟ್ಟಿಗೆ ಹಿಡಿಯುವ ಬೂಷ್ಟಿನ ದೂರದ ಬಂಧು. ಆದರೆ ರೊಟ್ಟಿಯ ಬೂಷ್ಟು ಸತ್ತ ವಸ್ತುವಿನ ಮೇಲೂ ಬೆಳೆಯುತ್ತದೆ, ತುಕ್ಕಿನ ಶಿಲೀಂಧ್ರಕ್ಕೆ ಜೀವಂತ ಹಸಿರು ಎಲೆಯೇ ಬೇಕು. ಗಿಡ ಸತ್ತರೆ ಅದರ ಊಟವೂ ಮುಗಿಯಿತು. ಈ ಒಂದು ಗುಣವನ್ನು ನೆನಪಿಟ್ಟುಕೊಂಡರೆ ರೋಗದ ಬಗ್ಗೆ ಮುಂದೆ ಹೇಳುವ ಬಹಳಷ್ಟು ಸಂಗತಿಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಬಟ್ಟೆಗೆ ಅಂಟಿದ ಪುಡಿಯ ಒಂದೊಂದು ಕಣವೂ ಒಂದು ಬೀಜಕಣ. ಒಂದು ಮಿಲಿಮೀಟರ್ ಉದ್ದದಲ್ಲಿ ಸುಮಾರು 40 ಕಣಗಳನ್ನು ಸಾಲಾಗಿ ಜೋಡಿಸಬಹುದು, ಅಷ್ಟು ಚಿಕ್ಕವು. ಗಾಳಿಯಲ್ಲಿ ತೇಲಿ ಬಂದ ಕಣ ಎಲೆಯ ಮೇಲೆ ಕೂತಾಗ ಅಲ್ಲಿ ಇಬ್ಬನಿಯೋ ಮಳೆಯ ಹನಿಯೋ ಕೆಲವು ಗಂಟೆ ನಿಂತರೆ ಮೊಳೆಯುತ್ತದೆ. ಎಳೆಯಂಥ ಮೊಳಕೆ ಎಲೆಯ ಮೇಲ್ಮೈಯನ್ನು ತಡವರಿಸುತ್ತ ಸಾಗಿ, ಎಲೆ ಉಸಿರಾಡುವ ಪತ್ರರಂಧ್ರವನ್ನು ಹುಡುಕಿಕೊಂಡು ಒಳಗೆ ಇಳಿಯುತ್ತದೆ. ಕಾಳು ತುಂಬಲೆಂದು ಗಿಡ ಮಾಡಿಕೊಂಡ ಸಕ್ಕರೆಯನ್ನು ಅಲ್ಲಿಂದಲೇ ಹೀರತೊಡಗುತ್ತದೆ. ಎಂಟು ಹತ್ತು ದಿನಗಳಲ್ಲಿ, ಚಳಿ ಹೆಚ್ಚಿದ್ದರೆ ಎರಡು ವಾರಗಳಲ್ಲಿ, ಎಲೆಯ ಸಿಪ್ಪೆ ಒಡೆದು ಗುಳ್ಳೆ ಹೊರಗೆ ಬರುತ್ತದೆ. ಒಂದೇ ಗುಳ್ಳೆಯಿಂದ ದಿನವೂ ಸಾವಿರಾರು ಹೊಸ ಕಣಗಳು ಗಾಳಿಗೆ ಸೇರುತ್ತವೆ. ಬೆಳೆ ಹೊಲದಲ್ಲಿರುವ ಮೂರೂವರೆ ತಿಂಗಳಲ್ಲಿ ಇಂಥ ನಾಲ್ಕೈದು ಸುತ್ತು ನಡೆದರೂ ಸಾಕು, ಹೊಲದ ಮೂಲೆಯಲ್ಲಿ ಯಾರೂ ಗಮನಿಸದೆ ಬಿಟ್ಟ ಹತ್ತು ಗುಳ್ಳೆಗಳು ಇಡೀ ಊರಿನ ಗೋಧಿಗೆ ಹಬ್ಬುತ್ತವೆ.

ಗೋಧಿಗೆ ಬರುವ ತುಕ್ಕು ಮೂರು ಬಗೆ. ಮೂರನ್ನೂ ಬರಿಗಣ್ಣಿನಲ್ಲೇ ಗುರುತಿಸಬಹುದು.

ಕಂದು ತುಕ್ಕು ಎಲೆಗಳಿಗೆ ಬರುತ್ತದೆ. ಎಲೆಯ ಮೇಲ್ಭಾಗದಲ್ಲಿ ಕಿತ್ತಳೆ ಮಿಶ್ರಿತ ಕಂದು ಬಣ್ಣದ, ಸಾಸಿವೆ ಕಾಳಿಗಿಂತ ಚಿಕ್ಕದಾದ ದುಂಡನೆಯ ಗುಳ್ಳೆಗಳು ಕ್ರಮವಿಲ್ಲದೆ ಚದುರಿಕೊಂಡಿರುತ್ತವೆ. ಕರ್ನಾಟಕದ ಹೊಲಗಳಲ್ಲಿ ಹೆಚ್ಚಾಗಿ ಕಾಣಿಸುವುದು ಇದು. ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಹವೆ, ರಾತ್ರಿಯ ಇಬ್ಬನಿ, ಇವೆರಡೂ ಇದಕ್ಕೆ ಹಿಡಿಸುತ್ತವೆ. ನಮ್ಮ ಡಿಸೆಂಬರ್, ಜನವರಿಗಳು ಇರುವುದೇ ಹಾಗೆ.

ಕಪ್ಪು ತುಕ್ಕು ಕಾಂಡವನ್ನು ಹಿಡಿಯುತ್ತದೆ. ಎಲೆ, ಎಲೆಯ ಬುಡದ ಹಾಳೆ, ತೆನೆಯ ಮೀಸೆಗಳಲ್ಲೂ ಬರಬಹುದು, ಆದರೆ ಇದರ ಮುಖ್ಯ ಜಾಗ ಕಾಂಡ. ಗುಳ್ಳೆಗಳು ಉದ್ದ, ಇಟ್ಟಿಗೆ ಪುಡಿಯಂಥ ಕೆಂಪುಗಂದು. ಗುಳ್ಳೆಯ ಅಂಚಿನಲ್ಲಿ ಹರಿದ ಸಿಪ್ಪೆ ಎದ್ದು ನಿಂತಿರುವುದರಿಂದ ಬೆರಳಿಗೆ ಒರಟಾಗಿ ತಾಗುತ್ತದೆ. ಬೆಳೆ ಮಾಗುವ ಹೊತ್ತಿಗೆ ಅದೇ ಗುಳ್ಳೆಗಳು ಕಪ್ಪಾಗುತ್ತವೆ, ಹೆಸರು ಬಂದದ್ದು ಅದರಿಂದ. ಮೂರರಲ್ಲಿ ಅತಿ ಹೆಚ್ಚು ಭಯ ಹುಟ್ಟಿಸುವುದು ಇದು. ಕಾಂಡದ ಸಿಪ್ಪೆ ಹರಿದ ಮೇಲೆ ನೀರು ಆವಿಯಾಗಿ ಹೋಗುತ್ತದೆ, ತೆನೆಗೆ ಹೋಗಬೇಕಾದ ಸಾರ ದಾರಿಯಲ್ಲೇ ನಿಲ್ಲುತ್ತದೆ, ಬಲ ಕಳೆದುಕೊಂಡ ಕಾಂಡ ಗಾಳಿಗೆ ಬಾಗಿ ಬೀಳುತ್ತದೆ. ಕೊಯ್ಲಿಗೆ ಮೂರು ವಾರ ಮುಂಚೆ ಚೆನ್ನಾಗಿದ್ದ ಬೆಳೆಯೂ ಕೈಬಿಡಬಹುದು. ಇದಕ್ಕೆ ಬಿಸಿಲು ಹಿತ. ಹಾಗಾಗಿ ತಡವಾಗಿ ಬಿತ್ತಿದ ಗೋಧಿಗೆ ಅಪಾಯ ಹೆಚ್ಚು, ಅಲ್ಲಿ ಕಾಳು ಕಟ್ಟುವ ಹೊತ್ತಿಗೆ ಹವೆ ಬೆಚ್ಚಗಾಗಿರುತ್ತದೆ.

ಹಳದಿ ತುಕ್ಕಿಗೆ ಚಳಿ ಬೇಕು. ಹತ್ತರಿಂದ ಹದಿನೈದು ಡಿಗ್ರಿಯ ತಂಪಿನಲ್ಲಿ ಅದು ಎಲೆಯ ನರಗಳ ನಡುವೆ ಸಾಲುಸಾಲಾಗಿ, ಹೊಲಿಗೆ ಯಂತ್ರದಲ್ಲಿ ಹೊಲಿದಂತೆ, ಹಳದಿ ಚುಕ್ಕೆಗಳ ಪಟ್ಟಿಗಳನ್ನು ಮೂಡಿಸುತ್ತದೆ. ಪಂಜಾಬ್, ಹರಿಯಾಣ, ಜಮ್ಮು, ಹಿಮಾಚಲದ ರೈತರ ತಲೆನೋವು ಇದು. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಇದಕ್ಕೆ ನೆಲೆ ಸಿಗುವುದಿಲ್ಲ.

ಹೊಲದಲ್ಲಿ ಎಲೆ ಹಳದಿಯಾದದ್ದೆಲ್ಲ ತುಕ್ಕಲ್ಲ. ಸಾರಜನಕ ಸಾಲದಿದ್ದರೂ, ಬುಡದಲ್ಲಿ ನೀರು ನಿಂತರೂ, ಸತುವಿನ ಕೊರತೆಯಾದರೂ ಎಲೆ ಹಳದಿಯಾಗುತ್ತದೆ. ಧಾರವಾಡ, ಬೆಳಗಾವಿ ಕಡೆ ಬೆಚ್ಚನೆಯ ತೇವದ ಹವೆಯಲ್ಲಿ ಬರುವ ಎಲೆ ಒಣಗುವ ರೋಗವೂ ಕಂದು ಮಚ್ಚೆಗಳನ್ನು ಮಾಡುತ್ತದೆ. ಇವನ್ನು ಬೇರೆ ಮಾಡಿ ನೋಡಲು ಪ್ರಯೋಗಾಲಯ ಬೇಕಾಗಿಲ್ಲ, ಒಂದು ಬಿಳಿ ಕರವಸ್ತ್ರ ಸಾಕು. ಅನುಮಾನ ಬಂದ ಎಲೆಯನ್ನು ಅದರಲ್ಲಿ ಹಿಡಿದು ಮೆಲ್ಲಗೆ ಎಳೆದಾಗ ಬಟ್ಟೆಗೆ ಪುಡಿ ಅಂಟಿದರೆ ಅದು ತುಕ್ಕು. ಪೋಷಕಾಂಶದ ಕೊರತೆಯಲ್ಲಿ ಪುಡಿ ಇರುವುದಿಲ್ಲ. ಎಲೆ ಒಣಗುವ ರೋಗದ ಮಚ್ಚೆ ಸತ್ತ ಅಂಗಾಂಶ, ಅದೂ ಬಟ್ಟೆಗೆ ಅಂಟುವುದಿಲ್ಲ. ತೆನೆಯಲ್ಲಿ ಕಾಳಿನ ಬದಲು ಕಪ್ಪು ಪುಡಿ ತುಂಬಿದ್ದರೆ ಅದು ಕಾಡಿಗೆ ರೋಗ. ಅದು ಬೀಜದ ಮೂಲಕ ಬರುವಂಥದ್ದು, ಅದರ ಮದ್ದೇ ಬೇರೆ. ಭಂಡಾರ, ಕಾಡಿಗೆ ಎಂದು ರೈತರು ಇಟ್ಟ ಹೆಸರುಗಳಲ್ಲೇ ರೋಗ ಗುರುತಿಸುವ ಪಾಠ ಇದೆ.

ಕಾಫಿ ತೋಟದವರಿಗೂ ಎಲೆ ತುಕ್ಕು ಗೊತ್ತು, ಶೇಂಗಾ ಬೆಳೆಯುವವರಿಗೂ ಸೋಯಾ ಬೆಳೆಯುವವರಿಗೂ ಗೊತ್ತು. ಹೆಸರು ಒಂದೇ ಆದರೂ ಶಿಲೀಂಧ್ರಗಳು ಬೇರೆ. ಪಕ್ಕದ ಹೊಲದ ಜೋಳಕ್ಕೆ ತುಕ್ಕು ಬಿದ್ದರೆ ಗೋಧಿಗೂ ಹರಡುತ್ತದೆ ಎಂಬ ಹೆದರಿಕೆ ಬೇಡ.

ಹಾಗಾದರೆ ಗೋಧಿಗೆ ತುಕ್ಕು ಬರುವುದು ಎಲ್ಲಿಂದ? ಈ ಪ್ರಶ್ನೆ ಭಾರತದ ಒಬ್ಬ ಸಸ್ಯವಿಜ್ಞಾನಿಯ ಇಡೀ ಬದುಕನ್ನು ತೆಗೆದುಕೊಂಡಿತು.

ಆಗ್ರಾ ಕಾಲೇಜಿನ ಸಸ್ಯಶಾಸ್ತ್ರ ಪ್ರಾಧ್ಯಾಪಕ ಕರಮ್ ಚಂದ್ ಮೆಹ್ತಾ 1920ರ ದಶಕದಲ್ಲಿ ಈ ಹುಡುಕಾಟಕ್ಕೆ ಇಳಿದಾಗ ಯುರೋಪಿನ ಉತ್ತರವೊಂದು ಸಿದ್ಧವಾಗಿತ್ತು. ಅಲ್ಲಿ ಕಪ್ಪು ತುಕ್ಕಿನ ಶಿಲೀಂಧ್ರ ತನ್ನ ಜೀವನದ ಒಂದು ಭಾಗವನ್ನು ಬಾರ್ಬೆರಿ ಎಂಬ ಮುಳ್ಳುಪೊದೆಯ ಮೇಲೆ ಕಳೆಯುತ್ತದೆ ಎಂದು ಜರ್ಮನಿಯ ಆಂಟನ್ ಡಿ ಬಾರಿ 1865ರಲ್ಲಿ ತೋರಿಸಿದ್ದರು. ಅಮೆರಿಕದಲ್ಲಿ 1918ರಿಂದ ಬಾರ್ಬೆರಿ ಪೊದೆಗಳನ್ನು ಬೇರುಸಹಿತ ಕೀಳುವ ದೊಡ್ಡ ಆಂದೋಲನವೇ ನಡೆಯಿತು. ಬಾರ್ಬೆರಿ ಜಾತಿಯ ಗಿಡಗಳು ಹಿಮಾಲಯದಲ್ಲೂ ನೀಲಗಿರಿಯಲ್ಲೂ ಇವೆ. ಆದರೆ ಭಾರತದ ಗೋಧಿ ತುಕ್ಕಿನಲ್ಲಿ ಅವುಗಳ ಪಾತ್ರವಿಲ್ಲ ಎಂಬುದನ್ನು ಮೆಹ್ತಾ ಕಂಡುಕೊಂಡರು.

ಬಯಲಿನಲ್ಲಿ ಮಾರ್ಚ್, ಏಪ್ರಿಲ್ ಹೊತ್ತಿಗೆ ಗೋಧಿ ಕೊಯ್ಲು ಮುಗಿಯುತ್ತದೆ. ಆಮೇಲಿನ ಬಿಸಿಲಿನಲ್ಲಿ ಹಸಿರು ಗೋಧಿಯೂ ಇಲ್ಲ, ಬೀಜಕಣ ಉಳಿಯುವ ತಂಪೂ ಇಲ್ಲ. ಕೂಳೆಯಲ್ಲಿ, ಹೊಟ್ಟಿನಲ್ಲಿ, ಬೀಜದಲ್ಲಿ ಎಲ್ಲಿಯೂ ರೋಗ ಮುಂದಿನ ಹಂಗಾಮಿಗೆ ದಾಟುವುದಿಲ್ಲ. ಅದು ಉಳಿಯುವುದು ಬೆಟ್ಟಗಳಲ್ಲಿ. ಹಿಮಾಲಯದ ಮಗ್ಗುಲಲ್ಲಿ, ದಕ್ಷಿಣದಲ್ಲಿ ನೀಲಗಿರಿ ಮತ್ತು ಪಳನಿ ಬೆಟ್ಟಗಳಲ್ಲಿ, ಬೇಸಿಗೆಯಲ್ಲೂ ತಂಪಿರುವ ಎತ್ತರದಲ್ಲಿ ಹಿಂಗಾರು ಮುಂಗಾರೆನ್ನದೆ ಗೋಧಿ ಬೆಳೆಯುತ್ತಿದ್ದರು. ಉದುರಿದ ಕಾಳಿನಿಂದ ತಾನಾಗಿ ಎದ್ದ ಗಿಡಗಳೂ ಇದ್ದವು. ತುಕ್ಕು ಅಲ್ಲಿ ಬೇಸಿಗೆ ಕಳೆದು, ಬಯಲಿನಲ್ಲಿ ಹೊಸ ಗೋಧಿ ಚಿಗುರಿದಾಗ ಗಾಳಿ ಹಿಡಿದು ಇಳಿದು ಬರುತ್ತದೆ. ಹಳದಿ ತುಕ್ಕು ಬರುವುದು ಹಿಮಾಲಯದಿಂದ, ಕಪ್ಪು ತುಕ್ಕು ಮುಖ್ಯವಾಗಿ ನೀಲಗಿರಿ, ಪಳನಿಗಳಿಂದ, ಕಂದು ತುಕ್ಕು ಎರಡೂ ಕಡೆಗಳಿಂದ. ಮೆಹ್ತಾ ಇದಕ್ಕೆಂದೇ ಶಿಮ್ಲಾದ ಫ್ಲವರ್‌ಡೇಲ್‌ನಲ್ಲಿ 1930ರಲ್ಲಿ ಒಂದು ಕೇಂದ್ರ ಕಟ್ಟಿದರು. ಅವರ ಅಧ್ಯಯನದ ಎರಡನೆಯ ಸಂಪುಟ ಅವರು ತೀರಿಕೊಂಡ ಮೇಲೆ, 1952ರಲ್ಲಿ ಹೊರಬಂತು.

ದಕ್ಷಿಣದ ಬೆಟ್ಟದಿಂದ ಕಪ್ಪು ತುಕ್ಕು ಮಧ್ಯಪ್ರದೇಶವನ್ನು ತಲುಪುವುದು ಹೇಗೆ ಎಂಬುದು ಬಿಡಿಸಲು ಉಳಿದಿತ್ತು. ಆ ಗಂಟು ಸಡಿಲವಾದದ್ದು 1970ರ ದಶಕದಲ್ಲಿ, ಆಕಾಶದಿಂದ ಬಂದ ಚಿತ್ರಗಳ ನೆರವಿನಿಂದ. ಎಸ್. ನಾಗರಾಜನ್ ಮತ್ತು ಅವರ ಸಂಗಡಿಗರು ಉಪಗ್ರಹಗಳು ತೆಗೆದ ಮೋಡದ ಚಿತ್ರಗಳನ್ನೂ ಹವಾಮಾನ ನಕ್ಷೆಗಳನ್ನೂ ಹೊಲದಲ್ಲಿ ರೋಗ ಕಂಡ ದಿನಾಂಕಗಳ ಪಕ್ಕ ಇಟ್ಟು ನೋಡಿದರು. ನವೆಂಬರ್ ಸುಮಾರಿಗೆ ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತಗಳು ದಕ್ಷಿಣ ಕರಾವಳಿಯನ್ನು ದಾಟುವಾಗ ನೀಲಗಿರಿ, ಪಳನಿಗಳ ಮೇಲಿನ ಬೀಜಕಣಗಳು ಗಾಳಿಯಲ್ಲಿ ಎದ್ದು ಉತ್ತರಕ್ಕೆ ಸಾಗುತ್ತವೆ, ಮುಂದೆ ಮಳೆ ಸುರಿದಲ್ಲಿ ಹನಿಯೊಂದಿಗೆ ಗೋಧಿಯ ಮೇಲೆ ಇಳಿಯುತ್ತವೆ. ಅಡಿಕೆ ಒಣಗಿಸುವವರನ್ನೂ ಭತ್ತ ಕೊಯ್ಯುವವರನ್ನೂ ಕಂಗೆಡಿಸುವ ಅದೇ ಅಕಾಲದ ಮಳೆ ಗೋಧಿ ಸೀಮೆಗೆ ರೋಗದ ಬೀಜ ಹೊತ್ತು ತರುತ್ತದೆ. ಈ ದಾರಿಗೆ ಶಿಲೀಂಧ್ರದ ವೈಜ್ಞಾನಿಕ ಹೆಸರಿನಿಂದಲೇ ಪಕ್ಸೀನಿಯಾ ಪಥ ಎಂದು ಹೆಸರಾಯಿತು.

ಭೂಪಟ ತೆರೆದು ನೀಲಗಿರಿಯಿಂದ ನರ್ಮದೆಯವರೆಗೆ ಒಂದು ಗೆರೆ ಎಳೆದರೆ ಅದು ಕರ್ನಾಟಕದ ಉದ್ದಕ್ಕೂ ಹಾಯುತ್ತದೆ. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಗೋಧಿ ಹೊಲಗಳು ಈ ದಾರಿಯಲ್ಲಿ ಸಿಗುವ ಮೊದಲ ದೊಡ್ಡ ತಂಗುದಾಣ. ಇಲ್ಲಿ ರೋಗಕ್ಕೆ ಬೇಗ ತುತ್ತಾಗುವ ತಳಿ ಇದ್ದರೆ ಕಣಗಳು ಇಳಿದು, ತಿಂದು, ಸಾವಿರಪಟ್ಟು ಹೆಚ್ಚಿ ಮತ್ತೆ ಏರುತ್ತವೆ. ತಡೆಯುವ ತಳಿ ಇದ್ದರೆ ಪಯಣ ಅಲ್ಲಿಗೇ ನಿಲ್ಲುತ್ತದೆ. ದಕ್ಷಿಣ ಮತ್ತು ಮಧ್ಯ ಭಾರತಕ್ಕೆ ಬಿಡುಗಡೆಯಾಗುವ ಗೋಧಿ ತಳಿಗಳು ಕಪ್ಪು ಮತ್ತು ಕಂದು ತುಕ್ಕನ್ನು ತಡೆದುಕೊಳ್ಳಲೇಬೇಕು ಎಂದು ವಿಜ್ಞಾನಿಗಳು ಪಟ್ಟು ಹಿಡಿಯುವುದರ ಹಿಂದೆ ಈ ತಿಳಿವಳಿಕೆ ಇದೆ. ನವಲಗುಂದದ ರೈತ ಯಾವ ಬೀಜ ಬಿತ್ತುತ್ತಾನೆ ಎಂಬುದಕ್ಕೂ ಜಬಲ್‌ಪುರದ ರೈತನ ಕಣಕ್ಕೂ ನಂಟಿದೆ. ತುಕ್ಕು ರೋಗದ ಬಗ್ಗೆ ಕನ್ನಡ ಓದುಗರು ತಿಳಿಯಬೇಕಾದ ಸಂಗತಿಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ.

ಜಬಲ್‌ಪುರದ ಹೆಸರು ಸುಮ್ಮನೆ ಬಂದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ನರ್ಮದಾ ಕಣಿವೆಯ ಗೋಧಿಯನ್ನು ತುಕ್ಕು ಮತ್ತೆ ಮತ್ತೆ ಹಾಳುಮಾಡಿದ್ದನ್ನು ಅಲ್ಲಿ ಅಧಿಕಾರಿಯಾಗಿದ್ದ ಡಬ್ಲ್ಯೂ.ಎಚ್. ಸ್ಲೀಮನ್ ಬರೆದಿಟ್ಟಿದ್ದಾರೆ. 1946-47ರ ಹಂಗಾಮಿನಲ್ಲಿ ಮಧ್ಯ ಭಾರತದ ಮೇಲೆ ಕಪ್ಪು ತುಕ್ಕು ಎರಗಿದ್ದು ಇನ್ನೂ ಭೀಕರ. ಬಂಗಾಳದ ಕ್ಷಾಮ ಮುಗಿದು ಮೂರು ವರ್ಷವಾಗಿತ್ತಷ್ಟೆ, ದೇಶ ಪಡಿತರದ ಮೇಲೆ ಬದುಕುತ್ತಿತ್ತು.

ಕಪ್ಪು ತುಕ್ಕಿನ ವಿರುದ್ಧ ಗೋಧಿಯನ್ನು ಗಟ್ಟಿಮಾಡುವ ಕೆಲಸವೇ ಮುಂದೆ ಹಸಿರು ಕ್ರಾಂತಿಗೆ ದಾರಿ ಮಾಡಿಕೊಟ್ಟಿತು ಎಂಬುದು ಅನೇಕರಿಗೆ ಗೊತ್ತಿಲ್ಲ. ನಾರ್ಮನ್ ಬೋರ್ಲಾಗ್ ಅವರನ್ನು ನಾವು ಗಿಡ್ಡ ಗೋಧಿಯ ಹೆಸರಿನಲ್ಲಿ ನೆನೆಯುತ್ತೇವೆ. ಅವರು ಓದಿದ್ದು ಸಸ್ಯರೋಗ ಶಾಸ್ತ್ರ, ಮಿನ್ನೆಸೋಟಾದಲ್ಲಿ ಅವರ ಗುರು ಇ.ಸಿ. ಸ್ಟೇಕ್‌ಮನ್ ತುಕ್ಕು ರೋಗದ ಮಹಾಪಂಡಿತರು. 1944ರಲ್ಲಿ ಬೋರ್ಲಾಗ್ ಮೆಕ್ಸಿಕೋಗೆ ಹೋದಾಗ ಅಲ್ಲಿನ ರೈತರನ್ನು ಕಾಡುತ್ತಿದ್ದದ್ದು ಇದೇ ಕಪ್ಪು ತುಕ್ಕು. ಮೊದಲು ತುಕ್ಕನ್ನು ತಡೆಯುವ ಗೋಧಿ ಸಿದ್ಧವಾಯಿತು, ಗಿಡ್ಡ ಗೋಧಿ ಬಂದದ್ದು ಆಮೇಲೆ. ಎಂ.ಎಸ್. ಸ್ವಾಮಿನಾಥನ್ ಅವರ ಪ್ರಯತ್ನದಿಂದ 1960ರ ದಶಕದಲ್ಲಿ ಆ ತಳಿಗಳು ಭಾರತಕ್ಕೆ ಬಂದವು. ಅವುಗಳಿಂದ ಕಲ್ಯಾಣ್ ಸೋನಾ, ಸೋನಾಲಿಕಾಗಳು ಹುಟ್ಟಿದವು.

ಶಿಲೀಂಧ್ರವೂ ಸುಮ್ಮನೆ ಕೂರುವುದಿಲ್ಲ. ಕಲ್ಯಾಣ್ ಸೋನಾ ಉತ್ತರ ಭಾರತದ ಹೊಲಗಳನ್ನೆಲ್ಲ ತುಂಬಿಕೊಂಡ ಕೆಲವೇ ವರ್ಷಗಳಲ್ಲಿ, 1970ರ ದಶಕದ ಆರಂಭದಲ್ಲಿ, ಕಂದು ತುಕ್ಕಿಗೆ ಸೋತಿತು. ತಳಿಯೊಂದರಲ್ಲಿ ರೋಗ ತಡೆಯುವ ವಂಶವಾಹಿ ಒಂದು ಬೀಗವಿದ್ದಂತೆ. ಕೋಟಿಗಟ್ಟಲೆ ಕಣಗಳಲ್ಲಿ ಎಲ್ಲೋ ಒಂದಕ್ಕೆ ಆಕಸ್ಮಿಕವಾಗಿ ಆ ಬೀಗದ ಕೀಲಿ ಸಿಗುತ್ತದೆ. ಲಕ್ಷಾಂತರ ಎಕರೆಗೆ ಒಂದೇ ಬೀಗ ಹಾಕಿದ್ದರೆ ಆ ಒಂದು ಕಣಕ್ಕೆ ಇಡೀ ಸೀಮೆಯ ಬಾಗಿಲು ತೆರೆದಂತೆಯೇ. 1995ರಲ್ಲಿ ಬಿಡುಗಡೆಯಾಗಿ ಪಂಜಾಬಿನಿಂದ ಪಶ್ಚಿಮ ಉತ್ತರ ಪ್ರದೇಶದವರೆಗೆ ಹಬ್ಬಿದ ಪಿಬಿಡಬ್ಲ್ಯೂ 343 ಎಂಬ ಪ್ರಸಿದ್ಧ ತಳಿಗೂ ಹೀಗೆಯೇ ಆಯಿತು. 2010ರ ಆಸುಪಾಸಿನಲ್ಲಿ ಶಿವಾಲಿಕ್ ಬೆಟ್ಟದ ಬುಡದ ರೋಪರ್, ಹೋಶಿಯಾರ್‌ಪುರ, ಗುರುದಾಸ್‌ಪುರ ಕಡೆ ಹಳದಿ ತುಕ್ಕು ಅದರ ಮೇಲೆ ಬಿದ್ದಾಗ ರೈತರು ಬೇರೆ ತಳಿಗೆ ಹೊರಳಬೇಕಾಯಿತು. ಇಥಿಯೋಪಿಯಾದಲ್ಲಿ 2010ರ ಹಳದಿ ತುಕ್ಕಿನ ಹಾವಳಿಯ ನಂತರ ಎಲ್ಲರೂ ನೆಚ್ಚಿ ಬಿತ್ತಿದ್ದು ಡಿಗಾಲು ಎಂಬ ತಳಿ. 2013ರ ಕೊನೆಗೆ ಅಲ್ಲಿನ ಬಾಲೆ ಪ್ರಾಂತ್ಯದಲ್ಲಿ ಕಪ್ಪು ತುಕ್ಕಿನ ಬೇರೊಂದು ಪ್ರಭೇದ ಬಂದು ಅದನ್ನು ನೆಲಕ್ಕೆ ಕೆಡವಿತು.

ಇವೆಲ್ಲಕ್ಕಿಂತ ದೊಡ್ಡ ಗಾಬರಿ ಹುಟ್ಟಿದ್ದು ಉಗಾಂಡಾದಿಂದ. 1998ರಲ್ಲಿ ಅಲ್ಲಿನ ಒಂದು ಸಂಶೋಧನಾ ಕ್ಷೇತ್ರದಲ್ಲಿ, ಕಪ್ಪು ತುಕ್ಕು ಮುಟ್ಟಲಾರದೆಂದು ಎಲ್ಲರೂ ನಂಬಿದ್ದ ಗೋಧಿಗಳ ಕಾಂಡದಲ್ಲಿ ಕೆಂಪು ಗುಳ್ಳೆಗಳು ಎದ್ದಿದ್ದವು. ಮರುವರ್ಷ ಪರೀಕ್ಷೆಯಲ್ಲಿ ಖಚಿತವಾದ ಆ ಪ್ರಭೇದಕ್ಕೆ ಯುಜಿ 99 ಎಂದು ಹೆಸರಾಯಿತು. ರೈ ಎಂಬ ಧಾನ್ಯದಿಂದ ಗೋಧಿಗೆ ತಂದು ಸೇರಿಸಿದ್ದ ಒಂದು ವಂಶವಾಹಿಯನ್ನು ಜಗತ್ತಿನ ಅಸಂಖ್ಯ ತಳಿಗಳು ನೆಚ್ಚಿಕೊಂಡಿದ್ದವು, ಭಾರತದ ಅನೇಕ ತಳಿಗಳೂ ಅದರಲ್ಲಿ ಸೇರಿದ್ದವು. ಯುಜಿ 99 ಅದನ್ನೇ ಮುರಿದಿತ್ತು. ಕೀನ್ಯಾ, ಇಥಿಯೋಪಿಯಾ ದಾಟಿ 2006ರಲ್ಲಿ ಯೆಮೆನ್, 2007ರಲ್ಲಿ ಇರಾನ್ ತಲುಪಿತು. ತೊಂಬತ್ತು ದಾಟಿದ್ದ ಬೋರ್ಲಾಗ್ ಊರೂರು ತಿರುಗಿ ಎಚ್ಚರಿಸಿದರು. ಕೀನ್ಯಾದ ಎನ್‌ಜೋರೋದಲ್ಲಿ ರೋಗದ ನಡುವೆಯೇ ಗೋಧಿ ಬೆಳೆಸಿ ನೋಡುವ ಕ್ಷೇತ್ರ ಸಿದ್ಧವಾಯಿತು. ಭಾರತದ ತಳಿಗಳನ್ನೂ ಅಲ್ಲಿಗೆ ಕಳಿಸಿ, ತಡೆದುಕೊಂಡವನ್ನು ಆರಿಸಿ, ಶತ್ರು ಬಾಗಿಲಿಗೆ ಬರುವ ಮೊದಲೇ ನಮ್ಮವರು ಸಿದ್ಧತೆ ಮಾಡಿಕೊಂಡರು.

ಆ ಹುಡುಕಾಟದಲ್ಲಿ ಯುಜಿ 99ರ ಮುಂದೆ ನಿಂತ ವಂಶವಾಹಿಗಳಲ್ಲಿ ಒಂದರ ಊರು ಕನ್ನಡಿಗರಿಗೆ ಹತ್ತಿರದ್ದು. ಉತ್ತರ ಕರ್ನಾಟಕದಲ್ಲಿ ಜವೆ ಗೋಧಿ, ಸದಕ ಎಂದೆಲ್ಲ ಕರೆಸಿಕೊಳ್ಳುವ, ಮಹಾರಾಷ್ಟ್ರದಲ್ಲಿ ಖಪ್ಲಿ ಎನಿಸಿಕೊಂಡ ಹಳೆಯ ಗೋಧಿ ಇದೆ. ಕಾಳಿಗೆ ಸಿಪ್ಪೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಕುಟ್ಟಿಯೇ ಬಿಡಿಸಬೇಕು. ಜಾತ್ರೆಗೆ, ಹಬ್ಬಕ್ಕೆ ಬೆಲ್ಲ ಹಾಕಿ ಮಾಡುವ ಹುಗ್ಗಿಗೆ ಇದರಷ್ಟು ರುಚಿ ಬೇರೆ ಗೋಧಿಯಿಂದ ಬರುವುದಿಲ್ಲ ಎಂದು ಹಿರಿಯ ಹೆಣ್ಣುಮಕ್ಕಳು ಇಂದಿಗೂ ಹೇಳುತ್ತಾರೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲೇ ಭಾರತದ ಖಪ್ಲಿ ಅಮೆರಿಕ, ಆಸ್ಟ್ರೇಲಿಯಾಗಳ ಪ್ರಯೋಗಾಲಯ ಸೇರಿತ್ತು. ಬೇರೆ ಗೋಧಿಗಳು ನೆಲ ಕಚ್ಚಿದಾಗಲೂ ಕಪ್ಪು ತುಕ್ಕಿನ ಎದುರು ಇದು ನಿಲ್ಲುತ್ತಿತ್ತು. ಸಿಡ್ನಿ ವಿಶ್ವವಿದ್ಯಾಲಯದ ಡಬ್ಲ್ಯೂ.ಎಲ್. ವಾಟರ್‌ಹೌಸ್ ಇದನ್ನು ಅಲ್ಲಿನ ಸ್ಟೈನ್‌ವೆಡೆಲ್ ಎಂಬ ಗೋಧಿಯೊಂದಿಗೆ ಕೂಡಿಸಿ ಖಪ್‌ಸ್ಟೈನ್ ಎಂಬ ತಳಿ ಮಾಡಿದರು. ಖಪ್ಲಿಯಿಂದ ಬಂದ ಎಸ್‌ಆರ್ 13 ಎಂಬ ವಂಶವಾಹಿ ಯುಜಿ 99ನ್ನೂ ತಡೆಯುತ್ತದೆ, ಹವೆ ಬೆಚ್ಚಗಾದಾಗ ಇನ್ನೂ ಚೆನ್ನಾಗಿ ತಡೆಯುತ್ತದೆ. ಅದರ ರಚನೆಯನ್ನು ವಿಜ್ಞಾನಿಗಳು ಪೂರ್ತಿಯಾಗಿ ಬಿಡಿಸಿದ್ದು 2017ರಲ್ಲಿ. ಇಳುವರಿ ಕಡಿಮೆ, ಕುಟ್ಟುವ ಕಷ್ಟ ಎಂದು ನಾವು ಹೊಲದಿಂದ ಆಚೆ ತಳ್ಳುತ್ತ ಬಂದ ಧಾನ್ಯವಿದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029ರಂಥ ಸುಧಾರಿತ ಜವೆ ತಳಿಗಳನ್ನು ಕೊಟ್ಟು ಇದನ್ನು ಹೊಲದಲ್ಲೇ ಉಳಿಸಿಕೊಂಡಿರುವುದು ದೊಡ್ಡ ಕೆಲಸ.

ಎಲ್ಲ ತಡೆಯೂ ಬೀಗದಂತೆ ಪೂರ್ತಿ ಮುಚ್ಚುವಂಥದ್ದಲ್ಲ. ಕೆಲವು ವಂಶವಾಹಿಗಳು ರೋಗವನ್ನು ಒಳಗೆ ಬಿಡುತ್ತವೆ, ಆದರೆ ನಿಧಾನ ಮಾಡುತ್ತವೆ. ಗುಳ್ಳೆಗಳು ಚಿಕ್ಕವಾಗಿ, ಕಡಿಮೆಯಾಗಿ, ತಡವಾಗಿ ಬರುತ್ತವೆ. ಬ್ರೆಜಿಲ್‌ನ ಫ್ರಂಟಾನಾ ಎಂಬ ಹಳೆಯ ಗೋಧಿಯಲ್ಲಿದ್ದ ಎಲ್‌ಆರ್ 34 ಅಂಥದ್ದು, ಎಷ್ಟೋ ದಶಕಗಳಾದರೂ ಶಿಲೀಂಧ್ರಕ್ಕೆ ಅದನ್ನು ಮುರಿಯಲಾಗಿಲ್ಲ. ಅಂಥ ನಾಲ್ಕೈದನ್ನು ಒಂದೇ ತಳಿಯಲ್ಲಿ ಕೂಡಿಸಿದರೆ ಹೊಲದಲ್ಲಿ ಅಲ್ಲಲ್ಲಿ ಗುಳ್ಳೆ ಕಂಡರೂ ಕಾಳು ತುಂಬುವುದು ನಿಲ್ಲುವುದಿಲ್ಲ. ನಾಲ್ಕು ಗುಳ್ಳೆ ಕಂಡೊಡನೆ ತಳಿ ಕೆಟ್ಟಿತು ಎಂದು ರೈತರು ಕೈಬಿಡಬಾರದು ಎನ್ನುವುದು ಇದಕ್ಕೇ.

ಹೊಲದ ಮಟ್ಟದಲ್ಲಿ ಮಾಡಬೇಕಾದ್ದು ಬಿತ್ತನೆಯ ಮೊದಲೇ ಶುರುವಾಗುತ್ತದೆ. ಮನೆಯ ಹಳೆಯ ಬೀಜವನ್ನೇ ಹತ್ತು ವರ್ಷ ಬಿತ್ತುವುದನ್ನು ಬಿಟ್ಟು ಆಗಾಗ ಹೊಸ ತಳಿಗೆ ಹೋಗಬೇಕು. ಹೊಲ ದೊಡ್ಡದಿದ್ದರೆ, ಒಂದೇ ಊರಿನಲ್ಲಿ ಹಲವರು ಗೋಧಿ ಬಿತ್ತುತ್ತಿದ್ದರೆ, ಎರಡು ಮೂರು ಬೇರೆ ತಳಿಗಳನ್ನು ಹಂಚಿಕೊಂಡು ಬಿತ್ತುವುದು ಒಳ್ಳೆಯದು. ಮಳೆಯಾಶ್ರಯದ ಗೋಧಿಯನ್ನು ಅಕ್ಟೋಬರಿನಲ್ಲಿ, ನೀರಾವರಿಯ ಗೋಧಿಯನ್ನು ನವೆಂಬರ್ ಮೊದಲ ಹದಿನೈದು ದಿನಗಳಲ್ಲಿ ಬಿತ್ತಿ ಮುಗಿಸಿದರೆ ಕಾಳು ಕಟ್ಟುವ ಹೊತ್ತಿಗೆ ಬಿಸಿಲು ಏರಿರುವುದಿಲ್ಲ. ಯೂರಿಯಾ ಹೆಚ್ಚಾದರೆ ಪೈರು ದಟ್ಟವಾಗಿ ಕಣ್ಣಿಗೆ ಚೆಂದ ಕಾಣುತ್ತದೆ, ಆ ದಟ್ಟಣೆಯೊಳಗೆ ಇಬ್ಬನಿ ಮಧ್ಯಾಹ್ನದವರೆಗೂ ಆರುವುದಿಲ್ಲ. ಶಿಲೀಂಧ್ರಕ್ಕೆ ಬೇಕಾದದ್ದು ಅದೇ.

ಡಿಸೆಂಬರಿನಿಂದ ವಾರಕ್ಕೊಮ್ಮೆಯಾದರೂ ಹೊಲದೊಳಗೆ ಹೋಗಬೇಕು. ಬದುವಿನ ಮೇಲೆ ನಿಂತು ನೋಡಿದರೆ ತುಕ್ಕು ಕಾಣುವುದಿಲ್ಲ, ಅದು ಮೊದಲು ಶುರುವಾಗುವುದು ಒಳಗಿನ, ಕೆಳಗಿನ ಎಲೆಗಳಲ್ಲಿ. ಮರದ ನೆರಳು ಬೀಳುವ ಜಾಗ, ಕಾಲುವೆಯ ಪಕ್ಕ, ನೀರು ನಿಲ್ಲುವ ತಗ್ಗು, ಇಲ್ಲೆಲ್ಲ ಎಲೆ ಎತ್ತಿ ನೋಡಬೇಕು. ತೆನೆಯ ಕೆಳಗಿನ ಕೊನೆಯ ಎಲೆಯ ಮೇಲೆ ವಿಶೇಷ ಕಣ್ಣಿರಬೇಕು. ಕಾಳಿಗೆ ಹೋಗುವ ಸಾರದ ದೊಡ್ಡ ಪಾಲು ತಯಾರಾಗುವುದು ಅಲ್ಲೇ. ಆ ಎಲೆಯನ್ನು ಕಾಳು ಹಾಲು ತುಂಬುವವರೆಗೆ ಹಸಿರಾಗಿ ಉಳಿಸಿಕೊಂಡರೆ ಬೆಳೆ ಉಳಿದಂತೆ.

ರೋಗ ಕಾಣಿಸಿಕೊಂಡು ಹರಡುತ್ತಿದೆ ಎಂದಾದರೆ ಔಷಧಿ ಹೊಡೆಯಬೇಕಾಗುತ್ತದೆ. ಒಂದು ಲೀಟರ್ ನೀರಿಗೆ ಒಂದು ಮಿಲಿಲೀಟರ್ ಪ್ರೊಪಿಕೊನಜೋಲ್ 25 ಇಸಿ ಬೆರೆಸಿ ಸಿಂಪಡಿಸುವುದು ಹಲವು ವರ್ಷಗಳಿಂದ ಬಳಕೆಯಲ್ಲಿದೆ. ಬೆಳೆದು ನಿಂತ ಪೈರಿಗೆ ಎಕರೆಗೆ ಸುಮಾರು 200 ಲೀಟರ್ ದ್ರಾವಣ ಬೇಕು. ನೀರು ಕಡಿಮೆ ಮಾಡಿದರೆ ಮದ್ದು ಕೆಳಗಿನ ಎಲೆಗೆ ಮುಟ್ಟುವುದೇ ಇಲ್ಲ. ಹದಿನೈದು ದಿನ ಬಿಟ್ಟು ಮತ್ತೆ ನೋಡಿ, ಹೊಸ ಗುಳ್ಳೆ ಏಳುತ್ತಿದ್ದರೆ ಮಾತ್ರ ಎರಡನೆಯ ಸಲ. ಕಾಳು ಗಟ್ಟಿಯಾದ ಮೇಲೆ ಹೊಡೆದರೆ ಹಣವೂ ಹಾಳು, ಉಣ್ಣುವ ಕಾಳಿಗೂ ಕೆಡುಕು. ಡಬ್ಬಿಯ ಮೇಲಿನ ಸೂಚನೆ ಓದಿಸಿಕೊಂಡು, ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ, ಮುಖಕ್ಕೆ ಬಟ್ಟೆ, ಕೈಗೆ ಗವಸು ಹಾಕಿ, ಗಾಳಿಗೆ ಬೆನ್ನು ಕೊಟ್ಟು ಹೊಡೆಯಬೇಕು. ಅಂಗಡಿಯವರು ಕೊಟ್ಟ ಎರಡು ಮೂರು ಬಾಟಲಿಗಳನ್ನು ಒಂದೇ ಪಂಪಿಗೆ ಸುರಿಯುವ ರೂಢಿಯಿಂದ ರೋಗಕ್ಕಿಂತ ಹೆಚ್ಚು ಹಾನಿ ಹೊಡೆಯುವವನ ಮೈಗೇ ಆಗುತ್ತದೆ. ಬೀಜಕ್ಕೆ ಮದ್ದು ಹಚ್ಚುವುದು ಕಾಡಿಗೆ ರೋಗಕ್ಕೆ ಸರಿ. ಗಾಳಿಯಲ್ಲಿ ಬರುವ ಭಂಡಾರಕ್ಕೆ ಅದನ್ನೇ ನೆಚ್ಚಿ ಕೂರುವಂತಿಲ್ಲ. ಕೂಳೆ ಸುಟ್ಟರೆ ತುಕ್ಕು ಹೋಗುತ್ತದೆ ಎಂಬುದೂ ಸುಳ್ಳು, ಅಲ್ಲಿ ಅದು ಇರುವುದೇ ಇಲ್ಲ. ಸುಡುವುದರಿಂದ ಹೋಗುವುದು ಮಣ್ಣಿನ ಸತ್ವ.

ಹಿಂದೆಂದೂ ತುಕ್ಕು ಬಾರದಿದ್ದ ತಳಿಯಲ್ಲಿ ಗುಳ್ಳೆ ಕಂಡರೆ ಒಂದು ಸಣ್ಣ ಕೆಲಸ ಉಳಿಯುತ್ತದೆ, ಅದರಿಂದ ಇಡೀ ದೇಶಕ್ಕೆ ಉಪಯೋಗ. ಆ ಎಲೆಯನ್ನು ಕಿತ್ತು, ನೆರಳಿನಲ್ಲಿ ತೇವ ಆರಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕದೆ ಕಾಗದದ ಲಕೋಟೆಯಲ್ಲಿಟ್ಟು, ತಳಿಯ ಹೆಸರು, ಊರು, ದಿನಾಂಕ ಬರೆದು ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗ ತಜ್ಞರ ಕೈಗೆ ಕೊಡಬೇಕು. ಇಂಥ ಲಕೋಟೆಗಳು ದೇಶದ ಮೂಲೆಮೂಲೆಯಿಂದ ಶಿಮ್ಲಾದ ಫ್ಲವರ್‌ಡೇಲ್‌ಗೆ ಹೋಗುತ್ತವೆ. ಮೆಹ್ತಾ ಕಟ್ಟಿದ ಆ ಕೇಂದ್ರ ಈಗ ಕರ್ನಾಲ್‌ನ ಗೋಧಿ ಮತ್ತು ಬಾರ್ಲಿ ಸಂಶೋಧನಾ ಸಂಸ್ಥೆಯ ಅಂಗ. ಅಲ್ಲಿ ಒಣಗಿದ ಎಲೆಯ ಪುಡಿಯನ್ನು ಆಗ್ರಾ ಲೋಕಲ್ ಎಂಬ, ಯಾವ ತುಕ್ಕನ್ನೂ ತಡೆಯಲಾರದ ಗೋಧಿಯ ಎಳೆಯ ಸಸಿಗಳ ಮೇಲೆ ಸವರಿ, ನೀರು ಚಿಮುಕಿಸಿ, ತೇವದಲ್ಲಿ ಮುಚ್ಚಿಡುತ್ತಾರೆ. ಎರಡು ವಾರದೊಳಗೆ ಹೊಸ ಗುಳ್ಳೆ ಏಳುತ್ತದೆ. ಅದರ ಕಣಗಳನ್ನು ಬೇರೆ ಬೇರೆ ಬೀಗಗಳುಳ್ಳ ಗೋಧಿಗಳ ಸಾಲಿನ ಮೇಲೆ ಹಾಕಿ, ಯಾವುದರಲ್ಲಿ ಗುಳ್ಳೆ ಬಂತು, ಯಾವುದರಲ್ಲಿ ಬರಲಿಲ್ಲ ಎಂದು ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಟ್ಟು ಓದುತ್ತಾರೆ. ಸ್ಟೇಕ್‌ಮನ್ ಕಪ್ಪು ತುಕ್ಕಿಗೆಂದು ಹೀಗೆ ಜೋಡಿಸಿದ್ದ ಹನ್ನೆರಡು ಗೋಧಿಗಳ ಹಳೆಯ ಸಾಲಿನಲ್ಲಿ ಕೊನೆಯ ಕುಂಡ ಖಪ್ಲಿಯದಾಗಿತ್ತು.